ಕಾಗದದೊಳಗಿನ ಹುಳಿ

ಕಳೆದ ಟರ್ಮಿನ ಕೊನೆಯಲ್ಲಿ ನಮ್ಮ ಸಂಘದ ಕಪಾಟಿನಲ್ಲಿರುವ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. "ನೀನು ಕಾಮರ್ಸಿನವನು, ಸ್ಟಾಕ್ ತೆಗೆಯೋದು ನಿನಗೇ ಸರಿ" ಎಂದು ನಗುತ್ತಾ ಕಾರ್ಯದರ್ಶಿಗಳು ಬೀಗದ ಕೈ ಕೊಟ್ಟರು. ಮೇಲಿನ ಎರಡು ಅರೆಗಳ ಪಟ್ಟಿ ಬೇಗ ಮುಗಿಯಿತು. ತೊಂದರೆ ಶುರುವಾದದ್ದು ಕೆಳಗಿನ ಅರೆಯಲ್ಲಿ. 1956ರಲ್ಲಿ ಅಚ್ಚಾದ ಒಂದು ಕಾದಂಬರಿ ತೆಗೆದು ಪುಟ ತಿರುವಿದೆ. ಪುಟದ ಮೂಲೆ ಸುಟ್ಟ ಹಪ್ಪಳದ ಹಾಗೆ ಮುರಿದು ಬೆರಳಲ್ಲೇ ಉಳಿಯಿತು. ಇನ್ನೊಂದು ಪುಸ್ತಕ ತೆಗೆದೆ, ಅದೂ ಹಾಗೆಯೇ. ಎಣಿಸಿದಾಗ ಇಂಥ ಪುಸ್ತಕಗಳು ಹತ್ತೊಂಬತ್ತು ಇದ್ದವು. ಗೆದ್ದಲು ತಿಂದದ್ದಲ್ಲ, ನೀರು ಬಿದ್ದದ್ದಲ್ಲ. ಸುಮ್ಮನೆ ಇಟ್ಟಲ್ಲೇ ಪುಡಿಯಾಗುತ್ತಿದ್ದವು.

ಸಂಘದ ಸಭೆಯಲ್ಲಿ ವಿಷಯ ಬಂತು. "ರದ್ದಿಗೆ ಹಾಕೋಣ, ಹೊಸ ಪುಸ್ತಕಕ್ಕೆ ಜಾಗವಾದರೂ ಆಗುತ್ತೆ" ಎಂದರು ಒಬ್ಬರು. ಓದಲಾಗದ ಪುಸ್ತಕ ಇಟ್ಟುಕೊಂಡು ಏನು ಮಾಡುವುದು ಅಂತ ನಾನೂ ಕೈ ಎತ್ತಿದೆ. ತೀರ್ಮಾನವನ್ನು ದೀಪಾವಳಿ ರಜೆಯ ನಂತರಕ್ಕೆ ಮುಂದೂಡಿದರು. ಅಷ್ಟು ಪುಣ್ಯ.

ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನಮ್ಮ ಮುತ್ತಜ್ಜನ ಕಿರ್ದಿ ಪುಸ್ತಕ ಸಿಕ್ಕಿತು. ಅವರಿಗೆ ಒಂದು ಸಣ್ಣ ದಿನಸಿ ಅಂಗಡಿ ಇತ್ತಂತೆ. ಪುಸ್ತಕದ ಮೇಲೆ 1928 ಎಂದು ಬರೆದಿದೆ. ಬೆಲ್ಲ ಇಷ್ಟು, ಅಕ್ಕಿ ಇಷ್ಟು, ಬಾಕಿ ಇಷ್ಟು. ಹಾಳೆ ಸ್ವಲ್ಪ ಕಂದಾಗಿದೆ, ಅಷ್ಟೆ. ಮಡಿಸಿದರೆ ಬಟ್ಟೆಯ ಹಾಗೆ ಮಡಿಯುತ್ತದೆ, ಬಿಟ್ಟರೆ ಹಾಗೆಯೇ ನೆಟ್ಟಗಾಗುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ನಾರು ಕಾಣಿಸುತ್ತದೆ.

ನನಗೆ ಲೆಕ್ಕ ತಾಳೆಯಾಗಲಿಲ್ಲ. 1928ರ ಕಿರ್ದಿ ಗಟ್ಟಿ, 1956ರ ಕಾದಂಬರಿ ಪುಡಿ! ವಯಸ್ಸೇ ಕಾರಣವಾದರೆ ಇದು ತಿರುಗುಮುರುಗು ಆಗಬೇಕಿತ್ತಲ್ಲವೆ? ಕಾಲೇಜಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಕೂತು, ಸೈನ್ಸ್ ಓದುವ ಗೆಳೆಯರ ತಲೆ ತಿಂದು, ಇದರ ಕಾರಣ ತಿಳಿದುಕೊಂಡೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು, ಕಾಗದ ಎಂದರೇನು? ಯಾವುದಾದರೂ ಸಸ್ಯದ ನಾರನ್ನು ಜಜ್ಜಿ, ಬಹಳ ನೀರಿನಲ್ಲಿ ಕಲಸಿ, ಜರಡಿಯಂಥ ಚೌಕಟ್ಟಿನಲ್ಲಿ ಎತ್ತಿದರೆ ನೀರು ಸೋರಿ ತೆಳ್ಳನೆಯ ಪದರ ಉಳಿಯುತ್ತದೆ. ಅದನ್ನು ಒತ್ತಿ ಒಣಗಿಸಿದರೆ ಕಾಗದ. ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಮರದ ತೊಗಟೆ, ಸೆಣಬು, ಹಳೆ ಬಟ್ಟೆ, ಮೀನಿನ ಬಲೆ ಇವುಗಳಿಂದ ಹೀಗೆ ಕಾಗದ ಮಾಡಿ ಚಕ್ರವರ್ತಿಗೆ ಒಪ್ಪಿಸಿದನೆಂದು ಚೀನೀ ಇತಿಹಾಸ ಹೇಳುತ್ತದೆ. ನಾರಿನ ಒಳಗಿರುವ ಮುಖ್ಯ ವಸ್ತು ಸೆಲ್ಯುಲೋಸ್. ಸಕ್ಕರೆ ಜಾತಿಯ ಸಣ್ಣ ಸಣ್ಣ ಕೊಂಡಿಗಳು ಸಾವಿರಗಟ್ಟಲೆ ಸೇರಿ ಆದ ಉದ್ದನೆಯ ಸರಪಳಿ ಅದು. ಕಾಗದದ ಬಲವೆಲ್ಲ ಈ ಸರಪಳಿಯ ಉದ್ದದಲ್ಲಿದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರೀ ನಾರಿನ ಹಾಳೆಯ ಮೇಲೆ ಬರೆಯಲು ಬರುವುದಿಲ್ಲ. ಶಾಯಿ ಒತ್ತುಕಾಗದದಲ್ಲಿ ಹರಡಿದ ಹಾಗೆ ಹರಡಿಬಿಡುತ್ತದೆ. ಆದ್ದರಿಂದ ಹಾಳೆಗೆ ನೀರು ಹೀರದ ಹಾಗೆ ಏನಾದರೂ ಹಚ್ಚಬೇಕು. ನಾವು ಪಂಚೆಗೆ ಗಂಜಿ ಹಾಕುವುದಿಲ್ಲವೆ, ಹಾಗೆ. ಇದಕ್ಕೆ ಕಾಗದದವರ ಭಾಷೆಯಲ್ಲಿ ಸೈಜಿಂಗ್ ಎಂದು ಹೆಸರು. ಯುರೋಪಿನವರು ಪ್ರಾಣಿಗಳ ತೊಗಲು, ಮೂಳೆ ಕುದಿಸಿ ತೆಗೆದ ಅಂಟಿನಲ್ಲಿ ಹಾಳೆ ಅದ್ದುತ್ತಿದ್ದರು. ನಮ್ಮ ದೇಶದ ಕಾಗದಿಗಳು ಅಕ್ಕಿಯ ಅಥವಾ ಗೋಧಿಯ ಗಂಜಿ ಬಳಿದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಮಹಾರಾಷ್ಟ್ರದ ಜುನ್ನರ್, ದೌಲತಾಬಾದಿನ ಹತ್ತಿರದ ಕಾಗಜೀಪುರ ಇಂಥ ಕೆಲಸಕ್ಕೆ ಹೆಸರಾದ ಊರುಗಳು. ಹಳೆಯ ಗೋಣಿ, ಹಗ್ಗ, ಚಿಂದಿ ಬಟ್ಟೆ ಇವೇ ಕಚ್ಚಾ ಸಾಮಾನು. ನಾರು ಮೆತ್ತಗಾಗಲೆಂದು ಅವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕುಟ್ಟುತ್ತಿದ್ದರು. ಎಷ್ಟು ತೊಳೆದರೂ ಸ್ವಲ್ಪ ಸುಣ್ಣ ಹಾಳೆಯೊಳಗೆ ಉಳಿದುಬಿಡುತ್ತಿತ್ತು. ಮುತ್ತಜ್ಜನ ಕಿರ್ದಿಯಲ್ಲಿ ನಾನು ಕಂಡ ಲಕ್ಷಣಗಳು, ಎಂದರೆ ಕಣ್ಣಿಗೆ ಕಾಣುವ ನಾರು, ಉಜ್ಜಿದ ಹೊಳಪು, ಬಟ್ಟೆಯಂಥ ಮೆದುತನ, ಎಲ್ಲವೂ ಇಂಥ ಕೈಕಾಗದದವು.

ಕೈಕಾಗದದ ತೊಂದರೆ ಒಂದೇ: ನಿಧಾನ, ಆದ್ದರಿಂದ ದುಬಾರಿ. ಒಬ್ಬ ಕೆಲಸಗಾರ ಒಂದು ಸಲಕ್ಕೆ ಒಂದೇ ಹಾಳೆ ಎತ್ತಬೇಕು. ಇದನ್ನು ಬದಲಿಸಿದವನು ಫ್ರಾನ್ಸಿನ ಎಸ್ಸೋನ್ ಎಂಬ ಊರಿನ ಕಾಗದದ ಗಿರಣಿಯಲ್ಲಿದ್ದ ಲೂಯಿ ನಿಕೊಲಾ ರಾಬರ್. 1799ರಲ್ಲಿ ಆತ ಪೇಟೆಂಟ್ ಪಡೆದ ಯಂತ್ರದಲ್ಲಿ ಚೌಕಟ್ಟಿನ ಬದಲು ತಂತಿಬಲೆಯ ಕೊನೆಯಿಲ್ಲದ ಪಟ್ಟಿ ಸುತ್ತುತ್ತಿತ್ತು. ಒಂದು ಕಡೆ ನಾರಿನ ಗಂಜಿ ಸುರಿದರೆ ಇನ್ನೊಂದು ಕಡೆ ಉದ್ದಾನುದ್ದ ಹಾಳೆ ಬರುತ್ತಿತ್ತು. ಅದನ್ನು ಇಂಗ್ಲೆಂಡಿನಲ್ಲಿ ಬ್ರಯಾನ್ ಡಾಂಕಿನ್ ಎಂಬ ಎಂಜಿನಿಯರ್ ಸುಧಾರಿಸಿ 1803ರಲ್ಲಿ ಫ್ರಾಗ್‌ಮೋರ್ ಗಿರಣಿಯಲ್ಲಿ ನಿಲ್ಲಿಸಿದ. ಹಣ ಹೂಡಿದವರು ಲಂಡನ್ನಿನ ಕಾಗದದ ವ್ಯಾಪಾರಿಗಳಾದ ಫೋರ್ಡ್ರಿನಿಯರ್ ಸಹೋದರರು. ಸುಮಾರು 60,000 ಪೌಂಡು ಸುರಿದು 1810ರಲ್ಲಿ ದಿವಾಳಿಯಾದರು. ಯಂತ್ರಕ್ಕೆ ಇಂದಿಗೂ ಅವರದೇ ಹೆಸರು; ಲಾಭ ಮಾತ್ರ ಬೇರೆಯವರದು. 1820ರ ಸುಮಾರಿಗೆ ಕ್ರಾಂಪ್ಟನ್ ಎಂಬಾತ ಉಗಿಯಿಂದ ಕಾಯುವ ಉರುಳೆಗಳ ಮೇಲೆ ಹಾಳೆ ಓಡಿಸಿ ಒಣಗಿಸುವುದನ್ನು ಸೇರಿಸಿದ. ಅಲ್ಲಿಗೆ ಒದ್ದೆ ನಾರಿನಿಂದ ಒಣ ಕಾಗದದವರೆಗೆ ಎಲ್ಲ ಒಂದೇ ಓಟ.

ಇಲ್ಲಿ ಒಂದು ಹೊಸ ತೊಡಕು ಬಂತು. ಯಂತ್ರದಿಂದ ಮೈಲುಗಟ್ಟಲೆ ಕಾಗದ ಬರುತ್ತಿದ್ದರೆ ಒಂದೊಂದೇ ಹಾಳೆಯನ್ನು ಅಂಟಿನಲ್ಲಿ ಅದ್ದುತ್ತಾ ಕೂರುವವರು ಯಾರು? ಗಂಜಿ ಹಾಕುವ ಕೆಲಸ ಹಾಳೆಯಾಗುವ ಮೊದಲೇ, ನಾರು ನೀರಿನಲ್ಲಿರುವಾಗಲೇ ಆಗಬೇಕು. ಇದಕ್ಕೆ ಉತ್ತರ ಜರ್ಮನಿಯ ಮೋರಿಟ್ಸ್ ಫ್ರೀಡ್ರಿಖ್ ಇಲ್ಲಿಗ್ ಎಂಬಾತನಲ್ಲಿತ್ತು. ಪೈನ್ ಮರದ ರಾಳವನ್ನು ನಾರಿನ ಗಂಜಿಗೆ ಸೇರಿಸಿ, ಮೇಲೆ ಪಟಿಕ ಹಾಕಿದರೆ ರಾಳ ನಾರಿಗೆ ಹಿಡಿದು ಕೂರುತ್ತದೆ, ಶಾಯಿ ಹರಡುವುದಿಲ್ಲ ಎಂದು ಆತ 1807ರಲ್ಲಿ ಪ್ರಕಟಿಸಿದ. ಕ್ಷೌರ ಮಾಡಿದ ಮೇಲೆ ಗಲ್ಲಕ್ಕೆ ಉಜ್ಜುವ ಪಟಿಕವನ್ನು ನೀವೆಲ್ಲ ನೋಡಿದ್ದೀರಿ. ಕಾಗದದ ಗಿರಣಿಗಳು ಮುಂದೆ ಬಳಸಿದ್ದು ಅದರ ದಾಯಾದಿ, ಅಲ್ಯುಮಿನಿಯಂ ಸಲ್ಫೇಟ್. ಅಗ್ಗ, ಸುಲಭ, ಬಿಳುಪು ಕೆಡಿಸುವುದಿಲ್ಲ. ಮೇಲೆ ಇನ್ನೇನು ಬೇಕು? ನೂರೈವತ್ತು ವರ್ಷ ಪ್ರಪಂಚದ ಬಹುಪಾಲು ಕಾಗದ ಈ ರಾಳ ಮತ್ತು ಪಟಿಕದ ಮೇಲೆಯೇ ನಡೆಯಿತು.

ಇನ್ನೊಂದು ಕೊರತೆ ನಾರಿನದು. ಯಂತ್ರದ ಹೊಟ್ಟೆಗೆ ಸಾಕಾಗುವಷ್ಟು ಚಿಂದಿ ಬಟ್ಟೆ ಎಲ್ಲಿಂದ ತರುವುದು? ಜರ್ಮನಿಯ ಸ್ಯಾಕ್ಸನಿಯಲ್ಲಿ ನೇಕಾರ ಫ್ರೀಡ್ರಿಖ್ ಗಾಟ್ಲೋಬ್ ಕೆಲ್ಲರ್ 1840ರ ದಶಕದಲ್ಲಿ ಮರವನ್ನು ಸಾಣೆಕಲ್ಲಿಗೆ ಒತ್ತಿ, ನೀರು ಬಿಟ್ಟು ಅರೆದು ನಾರು ತೆಗೆದ. ಅದೇ ಹೊತ್ತಿಗೆ, 1844ರಲ್ಲಿ, ಕೆನಡಾದ ಚಾರ್ಲ್ಸ್ ಫೆನರ್ಟಿ ಮರದ ನಾರಿನ ಕಾಗದದ ತುಂಡೊಂದನ್ನು ಪತ್ರಿಕೆಗೆ ಕಳಿಸಿಕೊಟ್ಟ. ಕೆಲ್ಲರ್ ಬಳಿ ಹಣವಿರಲಿಲ್ಲ. ಹಕ್ಕನ್ನು 1846ರಲ್ಲಿ ಫೋಲ್ಟರ್ ಎಂಬ ಕಾಗದ ತಯಾರಕನಿಗೆ ಮಾರಿಬಿಟ್ಟ. ಅರೆದ ಮರದಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಎಂಬ ಅಂಟು ವಸ್ತುವೂ ಉಳಿಯುತ್ತದೆ. ದಿನಪತ್ರಿಕೆಯನ್ನು ಎರಡು ದಿನ ಬಿಸಿಲಿನಲ್ಲಿಟ್ಟರೆ ಹಳದಿಯಾಗುವುದು ಇದರಿಂದಲೇ.

ಲಿಗ್ನಿನ್ ತೆಗೆಯಲು ಮರವನ್ನು ರಾಸಾಯನಿಕಗಳಲ್ಲಿ ಬೇಯಿಸುವ ವಿಧಾನಗಳು ಬಂದವು. ಎಲ್ಲಕ್ಕಿಂತ ಗೆದ್ದದ್ದು 1879ರಲ್ಲಿ ಡಾಂಜಿಗ್ ನಗರದಲ್ಲಿ ಕಾರ್ಲ್ ಡಾಲ್ ಕಂಡುಕೊಂಡದ್ದು. ಬೇಯಿಸಲು ಬೇಕಾದ ಸೋಡಾ ದುಬಾರಿಯೆಂದು ಆತ ಅಗ್ಗದ ಸೋಡಿಯಂ ಸಲ್ಫೇಟ್ ಹಾಕಿ ನೋಡಿದ. ಖರ್ಚು ಉಳಿಸಲು ಹೋದರೆ ನಾರು ಮೊದಲಿಗಿಂತ ಗಟ್ಟಿಯಾಗಿ ಬಂತು! ಅದಕ್ಕೆ ಕ್ರಾಫ್ಟ್ ಎಂದೇ ಹೆಸರಾಯಿತು. ಜರ್ಮನ್ ಭಾಷೆಯಲ್ಲಿ ಬಲ ಎಂದರ್ಥ. ಈ ವಿಧಾನಕ್ಕೆ ಪೈನ್ ಮರವೇ ಆಗಬೇಕೆಂದಿಲ್ಲ, ಬಿದಿರೂ ಬೇಯುತ್ತದೆ. ನಮ್ಮ ದೇಶಕ್ಕೆ ಇದು ದೊಡ್ಡ ಮಾತು. ಬಿದಿರನ್ನು ಬೇಯಿಸುವ ಬಗೆಯನ್ನು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ರೈಟ್ ಎಂಬಾತ ವರ್ಷಗಟ್ಟಲೆ ಪರೀಕ್ಷಿಸಿದ. ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಸಂಸ್ಥಾನ ಹುಟ್ಟುಹಾಕಿದ ಮೈಸೂರು ಪೇಪರ್ ಮಿಲ್ಸ್, 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇವುಗಳ ಹೆಸರು ಯಾವ ಕನ್ನಡಿಗನಿಗೆ ಗೊತ್ತಿಲ್ಲ?

ಹೀಗೆ ಯಂತ್ರ, ರಾಳ ಮತ್ತು ಪಟಿಕ, ಮರದ ನಾರು ಮೂರೂ ಸೇರಿ ಕಾಗದವನ್ನು ಬಡವನ ಕೈಗೂ ಎಟುಕಿಸಿದವು. ಪಠ್ಯಪುಸ್ತಕ, ದಿನಪತ್ರಿಕೆ, ಅಗ್ಗದ ಕಾದಂಬರಿ ಎಲ್ಲ ಇದರ ಫಲ. ಈ ಉಪಕಾರವನ್ನು ಮರೆತು ಇಲ್ಲಿಂದ ಮುಂದಿನ ಮಾತನ್ನು ಓದಬಾರದು.

ಈಗ ಸಾಲದ ಬದಿಗೆ ಬರೋಣ. ಅಲ್ಯುಮಿನಿಯಂ ಸಲ್ಫೇಟ್ ತೇವದ ಜೊತೆ ಸೇರಿದಾಗ ಆಮ್ಲ ಹುಟ್ಟುತ್ತದೆ, ಅದೂ ಗಂಧಕಾಮ್ಲ. ನಮ್ಮ ಮಾತಿನಲ್ಲಿ ಹುಳಿ. ಕಾಗದ ಎಷ್ಟೇ ಒಣಗಿದಂತೆ ಕಂಡರೂ ಗಾಳಿಯ ತೇವವನ್ನು ಸದಾ ಹೀರುತ್ತಿರುತ್ತದೆ. ಆ ತೇವದಲ್ಲಿ ಹುಳಿಯು ಸೆಲ್ಯುಲೋಸಿನ ಉದ್ದ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಒಂದು ಕೊಂಡಿ ಕತ್ತರಿಸಿದ ಮೇಲೆ ಹುಳಿ ಖರ್ಚಾಗುವುದಿಲ್ಲ, ಮುಂದಿನ ಕೊಂಡಿಗೆ ಹೋಗುತ್ತದೆ. ಸಾಲದಲ್ಲಿ ಅಸಲು ಹಾಗೇ ಉಳಿದು ಬಡ್ಡಿ ಏರಿದ ಹಾಗೆ. ಮೇಲೆ, ಹಾಳಾಗುವ ಕಾಗದವೇ ಇನ್ನಷ್ಟು ಹುಳಿಯನ್ನು ಹುಟ್ಟಿಸುತ್ತದೆ, ಅಂದರೆ ಚಕ್ರಬಡ್ಡಿ. ಶಾಖ ಮತ್ತು ತೇವ ಹೆಚ್ಚಿದಷ್ಟೂ ಈ ಕೆಲಸ ಚುರುಕು. ಮುಂಬಯಿಯ ಮೇ ತಿಂಗಳ ಸೆಕೆ, ಜುಲೈ ತಿಂಗಳ ಮಳೆ ಎರಡನ್ನೂ ಅರವತ್ತು ಎಪ್ಪತ್ತು ಸಲ ಕಂಡ ಪುಸ್ತಕದ ಗತಿ ಏನಾಗಬೇಕು ಹೇಳಿ. ಹಳದಿಯಾಗುವುದು ಬೇರೆ, ಮುರಿಯುವುದು ಬೇರೆ. ಮೊದಲನೆಯದಕ್ಕೆ ಮುಖ್ಯವಾಗಿ ಲಿಗ್ನಿನ್ ಕಾರಣ, ಎರಡನೆಯದಕ್ಕೆ ಹುಳಿ. ನಮ್ಮ ಕಾದಂಬರಿಗೆ ಎರಡೂ ಹತ್ತಿದ್ದವು.

ಇದನ್ನು ಜಗತ್ತಿಗೆ ಮನದಟ್ಟು ಮಾಡಿಸಿದವನು ಅಮೆರಿಕದ ವರ್ಜೀನಿಯಾದ ವಿಲಿಯಂ ಬ್ಯಾರೋ. ಮೂಲತಃ ಹಳೆಯ ದಾಖಲೆಗಳನ್ನು ದುರಸ್ತಿ ಮಾಡುವ ಕಸುಬಿನವನು. 1900ರಿಂದ 1949ರೊಳಗೆ ಅಚ್ಚಾದ 500 ಪುಸ್ತಕಗಳ ಕಾಗದವನ್ನು ಮಡಿಸಿ, ಎಳೆದು, ಪರೀಕ್ಷಿಸಿ 1959ರಲ್ಲಿ ವರದಿ ಕೊಟ್ಟ. ಅವುಗಳಲ್ಲಿ ನೂರಕ್ಕೆ 97 ಪುಸ್ತಕಗಳ ಬಾಳಿಕೆ 50 ವರ್ಷ ಅಥವಾ ಅದಕ್ಕಿಂತ ಕಡಿಮೆ ಎಂಬುದು ಅದರ ಸಾರ. ಗ್ರಂಥಾಲಯದವರು ಬೆಚ್ಚಿಬಿದ್ದರು. ಬಿಡಿ ದಾಖಲೆಗಳ ಹುಳಿ ತೆಗೆಯಲು ಬ್ಯಾರೋ ಬಳಸುತ್ತಿದ್ದ ಔಷಧಿ ಏನು ಗೊತ್ತೆ? ಸುಣ್ಣದ ತಿಳಿನೀರು! ಮೊದಲು ಅದರಲ್ಲಿ ಅದ್ದಿ, ಆಮೇಲೆ ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಅದ್ದುವುದು. ಹುಳಿ ಸಾಯುತ್ತದೆ, ಸ್ವಲ್ಪ ಸುಣ್ಣ ಕಾವಲಿಗೆ ಉಳಿಯುತ್ತದೆ. ನಮ್ಮ ಕಾಗದಿಗಳ ಹಾಳೆಯಲ್ಲಿ ತಾನಾಗಿ ಉಳಿಯುತ್ತಿದ್ದದ್ದೂ ಅದೇ ಅಲ್ಲವೆ?

ಹಳೆಯದಕ್ಕೆ ಔಷಧಿ ಸರಿ, ಹೊಸ ಕಾಗದವನ್ನೇ ಹುಳಿಯಿಲ್ಲದೆ ಮಾಡಬಾರದೆ? ಮಾಡಬಹುದು, ಆದರೆ ರಾಳಕ್ಕೆ ಪಟಿಕ ಬೇಕೇ ಬೇಕು. ಆದ್ದರಿಂದ ರಾಳವನ್ನೇ ಬಿಡಬೇಕಾಯಿತು. 1950ರ ದಶಕದಲ್ಲಿ ಆಲ್ಕೈಲ್ ಕೀಟೀನ್ ಡೈಮರ್ ಎಂಬ ಮೇಣದಂಥ ವಸ್ತು ಬಳಕೆಗೆ ಬಂತು. ಕೊಬ್ಬಿನ ಆಮ್ಲಗಳಿಂದ ತಯಾರಾಗುವ ಇದು ಪಟಿಕದ ಹಂಗಿಲ್ಲದೆ, ಕ್ಷಾರದ ವಾತಾವರಣದಲ್ಲೇ ನಾರಿಗೆ ಹಿಡಿಯುತ್ತದೆ. ಹೆಸರು ಬಾಯಿಪಾಠ ಮಾಡಲು ನನಗೂ ಎರಡು ದಿನ ಬೇಕಾಯಿತು.

ಆದರೆ ಗಿರಣಿಗಳು ತಕ್ಷಣ ಬದಲಾಗಲಿಲ್ಲ. ಪುಸ್ತಕ ಪುಡಿಯಾಗುತ್ತದೆ ಎಂದು ಗ್ರಂಥಪಾಲಕರು ಅತ್ತರೆ ಗಿರಣಿಯ ಮಾಲೀಕನಿಗೇನು? ಪುಸ್ತಕ ಮುರಿಯುವ ಹೊತ್ತಿಗೆ ಬಿಲ್ಲು ಪಾವತಿಯಾಗಿ ಐವತ್ತು ವರ್ಷವಾಗಿರುತ್ತದೆ. ಅವರನ್ನು ತಿರುಗಿಸಿದ್ದು ಬೇರೆ ಲೆಕ್ಕ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಬಹಳ ಹಿಡಿಸಿದ್ದೂ ಅದೇ. ಕಾಗದದಲ್ಲಿ ನಾರಿನ ಜೊತೆಗೆ ಬಿಳಿಯ ಪುಡಿಯೊಂದನ್ನೂ ತುಂಬುತ್ತಾರೆ, ಹಾಳೆ ನುಣುಪಾಗಿ, ಹಿಂದಿನ ಅಕ್ಷರ ಕಾಣದಂತಿರಲಿ ಎಂದು. ಸುಣ್ಣದಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬಹಳ ಬಿಳಿ, ಬಹಳ ಅಗ್ಗ. ಆದರೆ ಪಟಿಕದ ಹುಳಿಯಲ್ಲಿ ಅದು ನಿಲ್ಲದು. ಕಡಲತೀರದ ಕಪ್ಪೆಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣ ಗುಳ್ಳೆ ಏಳುತ್ತವೆ. ಗಿರಣಿಯ ತೊಟ್ಟಿಯಲ್ಲೂ ಹಾಗೆಯೇ ನೊರೆಯೆದ್ದು ಪುಡಿ ಕರಗುತ್ತಿತ್ತು. ಹುಳಿ ಹೋದ ಮೇಲೆ ಸುಣ್ಣದ ಪುಡಿಗೆ ದಾರಿಯಾಯಿತು. ನಾರಿಗಿಂತ ಪುಡಿ ಅಗ್ಗ. ಹೆಚ್ಚು ಪುಡಿ, ಕಡಿಮೆ ನಾರು, ಹಾಳೆ ಮೊದಲಿಗಿಂತ ಬಿಳಿ! ಯುರೋಪಿನ ಗಿರಣಿಗಳು 1970ರ ದಶಕದಲ್ಲೂ ಅಮೆರಿಕದವು 1980ರ ದಶಕದಲ್ಲೂ ದೊಡ್ಡ ಸಂಖ್ಯೆಯಲ್ಲಿ ಈ ಕಡೆ ವಾಲಿದವು. 1994ರಲ್ಲಿ ಬಹುಕಾಲ ಬಾಳುವ ಕಾಗದಕ್ಕೆ ಐಎಸ್ಓ 9706 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಅದರ ಒಂದು ಷರತ್ತು, ಕಾಗದದಲ್ಲಿ ಕನಿಷ್ಠ ನೂರಕ್ಕೆ 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಕಾಪಿಟ್ಟಿರಬೇಕು ಎಂದು. ವ್ಯಾಪಾರದ ಭಾಷೆಯಲ್ಲಿ ಇದು ಮೀಸಲು ನಿಧಿ. ಹೊರಗಿನಿಂದ ಹುಳಿ ಬಂದರೆ ಮೊದಲು ಈ ನಿಧಿ ಖರ್ಚಾಗುತ್ತದೆ, ನಾರು ಉಳಿಯುತ್ತದೆ.

ಅಗ್ಗದ ಆಸೆಯೇ ಕಾಗದಕ್ಕೆ ಹುಳಿ ಹತ್ತಿಸಿತು, ಅಗ್ಗದ ಆಸೆಯೇ ಅದನ್ನು ಬಿಡಿಸಿತು. ಇಲ್ಲಿಗ್ ಮೋಸಗಾರನಲ್ಲ. ತನ್ನ ಕಾಲದ ತೊಡಕನ್ನು ಬಿಡಿಸಿದ. ಅದರ ಬೆಲೆ ತಿಳಿಯಲು ನೂರೈವತ್ತು ವರ್ಷ ಹಿಡಿಯಿತು, ಅಷ್ಟೆ. ಆದರೆ ಆ ನೂರೈವತ್ತು ವರ್ಷಗಳ ಒಳಗೇ ನಮ್ಮ ಹೊಸಗನ್ನಡ ಸಾಹಿತ್ಯದ ಬಹುಭಾಗ ಅಚ್ಚಾಗಿದೆ. ಹೆಸರಾಂತ ಲೇಖಕರ ಕೃತಿಗಳು ಮತ್ತೆ ಮತ್ತೆ ಮುದ್ರಣವಾಗುತ್ತವೆ, ಉಳಿಯುತ್ತವೆ. ಒಂದೇ ಸಲ ಅಚ್ಚಾದ ಪುಸ್ತಕಗಳ, ಸಂಘಗಳ ಸಂಚಿಕೆಗಳ, ಈ ಮುಂಬಯಿಯಲ್ಲೇ ಬರೆದು ಇಲ್ಲೇ ಮರೆತುಹೋದವರ ಗತಿ ಏನು? ಅವರ ಮಾತು ಇರುವುದು ಆ ಹುಳಿ ಹಾಳೆಯ ಮೇಲೆ ಮಾತ್ರ.

ರಜೆಯ ನಂತರದ ಸಭೆಯಲ್ಲಿ ನಾನು ಎತ್ತಿದ್ದ ಕೈ ಇಳಿಸಿದೆ. ಹತ್ತೊಂಬತ್ತರಲ್ಲಿ ಎಂಟು ಪುಸ್ತಕ ಮರುಮುದ್ರಣವಾಗಿ ಅಂಗಡಿಯಲ್ಲಿ ಸಿಗುತ್ತವೆಂದು ತಿಳಿಯಿತು. ಅವನ್ನು ಬಿಟ್ಟುಕೊಡಲು ನನ್ನ ತಕರಾರಿಲ್ಲ. ಉಳಿದ ಹನ್ನೊಂದನ್ನು ಪುಟಪುಟವಾಗಿ ಫೋಟೋ ತೆಗೆದು, ಕ್ಷಾರದ ಕಾಗದದ ಮೇಲೆ ಪ್ರತಿ ಮಾಡಿಡುವುದೆಂದು ಒಪ್ಪಿಗೆಯಾಗಿದೆ. ಹಾಳೆ ಬಿಡಿಸಲು, ಫೋಟೋ ತೆಗೆಯಲು ನಾಲ್ಕು ಕೈ ಬೇಕು. ಶನಿವಾರ ಮಧ್ಯಾಹ್ನ ಬಿಡುವಿರುವವರು ದಯವಿಟ್ಟು ಬನ್ನಿ.

ಮನೆಯಲ್ಲಿ ಹಳೆಯ ಕನ್ನಡ ಪುಸ್ತಕವಿರುವವರಿಗೆ ನಾಲ್ಕು ಮಾತು. ಮುರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಹಾಳೆಯನ್ನೇ ತಿನ್ನುತ್ತದೆ. ಪುಸ್ತಕದ ನಡುವೆ ಪತ್ರಿಕೆಯ ತುಣುಕು ಇಡಬೇಡಿ, ಒಂದರ ಹುಳಿ ಇನ್ನೊಂದಕ್ಕೆ ಹತ್ತುತ್ತದೆ. ಬಿಸಿಲು, ಒಲೆಯ ಗೋಡೆ, ಸೋರುವ ಗೋಡೆ ಮೂರರಿಂದಲೂ ದೂರವಿಡಿ. ಸುಣ್ಣದ ನೀರಿನ ಪ್ರಯೋಗವನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಅದು ಬಲ್ಲವರ ಕೆಲಸ, ಮೇಲಾಗಿ ಈಗಾಗಲೇ ಕಳೆದುಕೊಂಡ ಬಲವನ್ನು ಯಾವ ಸುಣ್ಣವೂ ಹಿಂದಕ್ಕೆ ತಂದುಕೊಡದು.

ಕೊನೆಯದಾಗಿ ಸಂಪಾದಕರಲ್ಲಿ ಒಂದು ಅರಿಕೆ. ನೀವು ಈಗ ಕೈಯಲ್ಲಿ ಹಿಡಿದಿರುವ ಈ ಸೈಕ್ಲೋಸ್ಟೈಲ್ ಹಾಳೆಗೆ ಬೇಕೆಂದೇ ಸೈಜಿಂಗ್ ಕಡಿಮೆ ಮಾಡಿರುತ್ತಾರೆ, ಶಾಯಿ ಬೇಗ ಹೀರಿಕೊಳ್ಳಲಿ ಎಂದು. ನುಣುಪು ಕಾಗದವಾದರೆ ಒಂದರ ಶಾಯಿ ಇನ್ನೊಂದರ ಬೆನ್ನಿಗೆ ಹತ್ತುತ್ತದೆ. ಆದ್ದರಿಂದ ಕಾಗದ ಬದಲಿಸಿ ಎನ್ನುವುದಿಲ್ಲ. ಪ್ರತಿ ಸಂಚಿಕೆಯ ಎರಡು ಪ್ರತಿಗಳನ್ನು ಮಾತ್ರ ಒಳ್ಳೆಯ ಕ್ಷಾರದ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಕಪಾಟಿನ ಮೇಲಿನ ಅರೆಯಲ್ಲಿಡಿ. ಖರ್ಚು ಎರಡು ಪ್ರತಿಯದು ಅಷ್ಟೆ, ಲೆಕ್ಕ ನಾನೇ ಬರೆಯುತ್ತೇನೆ. ಮುತ್ತಜ್ಜನ ಬೆಲ್ಲದ ಬಾಕಿ ಇಷ್ಟು ವರ್ಷ ಉಳಿದಿದೆ. ನಮ್ಮ ಗೆಳೆಯರ ಕವಿತೆ ಅದಕ್ಕಿಂತ ಮೊದಲೇ ಪುಡಿಯಾಗಬೇಕೆ?